ನೆಲವನ್ನರಿತ ಕಾಂಕ್ರೀಟು

ಕೊಡಗಿನ ಉತ್ತರದ ಅಂಚಿನಲ್ಲಿರುವ ಶನಿವಾರಸಂತೆಯನ್ನು ಮಳೆಗಾಲದಲ್ಲಿ ಹೊಕ್ಕು ನೋಡಿದವರಿಗೆ, ಅಲ್ಲಿನ ಛಾವಣಿಗಳು ಒಂದು ಸಣ್ಣ ಪ್ರಶ್ನೆಯನ್ನು ಕೇಳುವಂತೆ ತೋರುವುವು. ಹಳೆಯ ಮನೆಗಳಿಗೆ ಕೆಂಪು ಹೆಂಚಿನ ಇಳಿಜಾರು ಛಾವಣಿಯಿದೆ. ಅದರ ಸೂರು ಗೋಡೆಯನ್ನು ದಾಟಿ ಜಗಲಿಯ ಮೇಲೆ ಚಾಚಿಕೊಂಡಿದೆ. ಈಚಿನ ಮನೆಗಳಿಗೆ ಸಮತಟ್ಟಾದ ಕಾಂಕ್ರೀಟಿನ ತಾರಸಿಯಿದೆ. ಆದರೆ ಎಷ್ಟೋ ಮನೆಗಳಲ್ಲಿ ಆ ತಾರಸಿಗೇ ಕೆಲಸ ಮುಗಿದಿಲ್ಲ. ಮಲೆನಾಡಿನ ಇತರ ಊರುಗಳಲ್ಲಿ ಕಾಣುವಂತೆ ಇಲ್ಲಿಯೂ ತಾರಸಿಯ ಮೇಲೆ ಕಬ್ಬಿಣದ ಕಂಬಗಳನ್ನು ನಿಲ್ಲಿಸಿ, ಅವುಗಳ ಮೇಲೆ ತಗಡಿನ ಶೀಟುಗಳನ್ನು ಓರೆಯಾಗಿ ಹೊದಿಸಿರುವರು. ತಲೆಗೆ ಟೋಪಿ ಇಟ್ಟುಕೊಂಡವನು, ಟೋಪಿ ನೆನೆಯದಿರಲೆಂದು ಮತ್ತೆ ಕೊಡೆ ಹಿಡಿದಂತೆ ಇದು. ಲಕ್ಷಗಟ್ಟಲೆ ವೆಚ್ಚಮಾಡಿ ಹಾಕಿಸಿದ ಒಂದು ಛಾವಣಿಗೆ ಇನ್ನೊಂದು ಛಾವಣಿ ಏಕೆ ಬೇಕಾಯಿತು?

"ಕಾಂಕ್ರೀಟು ನಮ್ಮ ಸೀಮೆಗೆ ಹೇಳಿಮಾಡಿಸಿದ್ದಲ್ಲ" ಎಂದು ಹಿರಿಯರು ಹೇಳುವುದುಂಟು. ನೋಡುವುದಕ್ಕೂ ಅದು ಬೋಳು, ಒರಟು; ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆಗೆ ಕಪ್ಪು ಹಿಡಿಯುತ್ತದೆ. ಈ ಮಾತಿನಲ್ಲಿ ಸತ್ಯವಿದೆ. ಆದರೆ ಅದು ಪೂರ್ಣ ಸತ್ಯವಲ್ಲ. ನಾವು ಇಂದು ನಮ್ಮದೆಂದು ಅಕ್ಕರೆಯಿಂದ ನೋಡುವ ಮಂಗಳೂರು ಹೆಂಚೂ ಒಂದು ಕಾಲಕ್ಕೆ ಹೊಸ ನೆಂಟನೇ ಆಗಿತ್ತು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಕೇಂದ್ರವಿದ್ದ ಬಾಸೆಲ್ ಮಿಷನ್ನಿನವರು ೧೮೬೫ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ಹೊರಗಿನಿಂದ ಬಂದ ವಿಧಾನ, ಕರಾವಳಿಯ ನದಿದಂಡೆಯ ಜೇಡಿಮಣ್ಣು, ಇಲ್ಲಿನ ಮಳೆ ಈ ಮೂರೂ ಒಂದಕ್ಕೊಂದು ಒಗ್ಗಿದವು. ಹೆಂಚು ನಮ್ಮ ಮಳೆಗೆ ಸರಿಯಾದ ಉತ್ತರವನ್ನು ಹೇಳಿತು. ಆದುದರಿಂದಲೇ ಅದು ನಮ್ಮದಾಯಿತು.

ಕಾಂಕ್ರೀಟೂ ಹೀಗೆ ಒಂದು ಊರಿನದಾಗಬಲ್ಲುದೆ? ಆಗಬಲ್ಲುದೆಂಬುದಕ್ಕೆ ನಿದರ್ಶನಗಳುಂಟು. ಅವುಗಳ ಜಾಡು ಮತ್ತೆ ಸ್ವಿಟ್ಜರ್ಲೆಂಡಿನಿಂದಲೇ ಹೊರಟು, ಚಂಡೀಗಢವನ್ನು ಹಾದು, ನಮ್ಮ ಬೆಂಗಳೂರಿಗೆ ಬಂದು ಮುಟ್ಟುತ್ತದೆ. ಆ ಜಾಡನ್ನು ಹಿಡಿಯುವ ಮುನ್ನ ಕಾಂಕ್ರೀಟಿನ ಸ್ವಭಾವವನ್ನು ಸ್ವಲ್ಪ ತಿಳಿದುಕೊಳ್ಳುವುದು ಅಗತ್ಯ.

ಕಾಂಕ್ರೀಟಿನ ಸ್ವಭಾವ

ಸಿಮೆಂಟು, ಮರಳು, ಜಲ್ಲಿ, ನೀರು ಈ ನಾಲ್ಕನ್ನು ಕಲಸಿದರೆ ಕಾಂಕ್ರೀಟು. ಅದು ಮಣ್ಣಿನ ಗೋಡೆಯಂತೆ ಒಣಗಿ ಗಟ್ಟಿಯಾಗುವುದೆಂದು ಅನೇಕರು ತಿಳಿದಿರುವರು, ಇದು ತಪ್ಪು. ಸಿಮೆಂಟಿನಲ್ಲಿರುವ ಸುಣ್ಣ ಮತ್ತು ಸಿಲಿಕದ ಸಂಯುಕ್ತಗಳು ನೀರಿನೊಡನೆ ರಾಸಾಯನಿಕವಾಗಿ ಕೂಡಿಕೊಂಡು, ಅತಿ ಸೂಕ್ಷ್ಮವಾದ ಎಳೆಗಳಾಗಿ ಬೆಳೆದು ಜಲ್ಲಿಯನ್ನೂ ಮರಳನ್ನೂ ಬಿಗಿದು ಹಿಡಿಯುತ್ತವೆ. ಈ ಕ್ರಿಯೆಗೆ ನೀರೇ ಆಧಾರವಾದುದರಿಂದ, ಹೊಸ ತಾರಸಿಗೆ ಮಣ್ಣಿನ ಕಟ್ಟೆ ಕಟ್ಟಿ ದಿನವೂ ನೀರು ನಿಲ್ಲಿಸುವರು. ಬೇಗ ಒಣಗಿದ ಕಾಂಕ್ರೀಟು ಗಟ್ಟಿಯಾದ ಕಾಂಕ್ರೀಟಲ್ಲ, ಅರೆಬೆಂದ ಕಾಂಕ್ರೀಟು. ಅದರ ಬಲವನ್ನು ಪರೀಕ್ಷಿಸುವುದೂ ೨೮ ದಿನಗಳ ಅನಂತರವೇ.

ಈ ಕೃತಕ ಶಿಲೆಗೆ ಒಂದು ದೌರ್ಬಲ್ಯವುಂಟು. ಮೇಲಿನಿಂದ ಅದುಮಿದರೆ ಅದು ಭಾರವನ್ನು ಧೈರ್ಯವಾಗಿ ಹೊರುತ್ತದೆ. ಎಳೆದರೆ ಅದರ ಹತ್ತನೆಯ ಒಂದು ಪಾಲಿನಷ್ಟು ಬಲಕ್ಕೇ ಬಿರಿಯುತ್ತದೆ. ಎರಡು ಗೋಡೆಗಳ ಮೇಲೆ ಮಲಗಿಸಿದ ತೊಲೆ ಭಾರಕ್ಕೆ ಬಾಗಿದಾಗ ಅದರ ಮೇಲ್ಭಾಗ ಅದುಮಲ್ಪಡುತ್ತದೆ, ಕೆಳಭಾಗ ಎಳೆಯಲ್ಪಡುತ್ತದೆ. ಆ ಕೆಳಭಾಗದಲ್ಲಿ ಉಕ್ಕಿನ ಸರಳುಗಳನ್ನಿಟ್ಟರೆ ಎಳೆತವನ್ನು ಅವು ಹೊರುವುವು. ಬಿಸಿಲಿಗೆ ಉಕ್ಕೂ ಕಾಂಕ್ರೀಟೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದು ಇಂಜಿನಿಯರುಗಳ ಪುಣ್ಯ. ಹಾಗಿಲ್ಲದಿದ್ದರೆ ಈ ಜೋಡಿ ಒಂದು ಬೇಸಿಗೆಯನ್ನೂ ಬಾಳುತ್ತಿರಲಿಲ್ಲ.

ಇಷ್ಟಾದರೂ ಹಿಗ್ಗುವಿಕೆ ತಪ್ಪದು. ೧೦ ಮೀಟರು ಉದ್ದದ ತಾರಸಿಯ ಶಾಖ ೩೦ ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಸುಮಾರು ೩ ಮಿಲಿಮೀಟರು ಬೆಳೆಯುತ್ತದೆ. ಮೇ ತಿಂಗಳ ಬಿಸಿಲಿನಲ್ಲಿ ಕಾದ ತಾರಸಿಯ ಮೇಲೆ ಸಂಜೆ ಥಟ್ಟನೆ ಮಳೆ ಸುರಿದಾಗ ಅದು ಅಷ್ಟೇ ಬೇಗ ಕುಗ್ಗಲು ಹವಣಿಸುತ್ತದೆ; ಗೋಡೆಗಳು ಬಿಡುವುದಿಲ್ಲ; ಕೂದಲೆಳೆಯ ಬಿರುಕು ಮೂಡುತ್ತದೆ. ಸಮತಟ್ಟಾದ ಮೈಯಲ್ಲಿ ನಿಂತ ನೀರು ಆ ಬಿರುಕನ್ನು ಹುಡುಕಿಕೊಂಡು ಇಳಿಯುತ್ತದೆ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡು ಕಾಂಕ್ರೀಟಿನೊಳಗಿನ ಕ್ಷಾರಗುಣವನ್ನು ನಿಧಾನವಾಗಿ ಕಳೆದಂತೆ ಉಕ್ಕಿಗಿದ್ದ ರಕ್ಷೆಯೂ ಹೋಗುತ್ತದೆ. ತುಕ್ಕು ಹಿಡಿದ ಉಕ್ಕು ಊದಿಕೊಂಡು, ತನ್ನ ಮೇಲಿನ ಕಾಂಕ್ರೀಟನ್ನು ಚಕ್ಕೆಚಕ್ಕೆಯಾಗಿ ಎಬ್ಬಿಸುತ್ತದೆ.

ಹೆಂಚಿನ ಛಾವಣಿಗೆ ಈ ತೊಂದರೆಯಿಲ್ಲ. ಅದು ಸಾವಿರ ಬಿಡಿಬಿಡಿ ತುಂಡುಗಳ ಸಮೂಹ. ಒಂದೊಂದು ಹೆಂಚೂ ತನ್ನ ಪಾಡಿಗೆ ತಾನು ಹಿಗ್ಗಿ ಕುಗ್ಗುತ್ತದೆ. ಇಳಿಜಾರಿನಲ್ಲಿ ನೀರು ನಿಲ್ಲುವುದಿಲ್ಲ. ಒಡೆದದ್ದನ್ನು ತೆಗೆದು ಬೇರೊಂದನ್ನು ಇಡಬಹುದು. ಇಲ್ಲಿ ನಾವು ಗಮನಿಸತಕ್ಕ ಸಂಗತಿಯೆಂದರೆ, ಸೋತದ್ದು ಕಾಂಕ್ರೀಟು ಎಂಬ ಪದಾರ್ಥವಲ್ಲ. ಒಣಸೀಮೆಗಾಗಿ ಹುಟ್ಟಿದ ಒಂದು ಆಕಾರವನ್ನು ಮಳೆಸೀಮೆಗೆ ಹಾಗೆಯೇ ತಂದಿರಿಸಿದ ನಮ್ಮ ಆಲೋಚನೆ.

ಸ್ವಿಟ್ಜರ್ಲೆಂಡಿನಿಂದ ಬಂದ ವಾಸ್ತುಶಿಲ್ಪಿ

ಕಾಂಕ್ರೀಟಿಗೆ ತನ್ನದೇ ಆದ ರೂಪವನ್ನು ಹುಡುಕಿದವರಲ್ಲಿ ಲ ಕಾರ್ಬೂಸಿಯೆ ಪ್ರಮುಖರು. ಅವರು ೧೮೮೭ರಲ್ಲಿ ಸ್ವಿಟ್ಜರ್ಲೆಂಡಿನ ಲಾ ಶೊ-ದ-ಫೋ ಎಂಬ ಊರಿನಲ್ಲಿ ಹುಟ್ಟಿದರು. ಅದು ಗಡಿಯಾರ ತಯಾರಿಕೆಗೆ ಹೆಸರಾದ ಊರು. ಅವರ ತಂದೆ ಗಡಿಯಾರದ ಫಲಕಗಳಿಗೆ ಎನಾಮೆಲ್ ಬಣ್ಣ ಹಾಕುತ್ತಿದ್ದವರು. ಕಾರ್ಬೂಸಿಯೆ ಮುಂದೆ ಪ್ಯಾರಿಸ್ಸಿನಲ್ಲಿ ನೆಲೆಸಿ ಫ್ರಾನ್ಸಿನ ಪ್ರಜೆಯಾದರು.

೧೯೫೨ರಲ್ಲಿ ಮಾರ್ಸೇಲ್ಸ್ ನಗರದಲ್ಲಿ ಅವರು ಪೂರೈಸಿದ ದೊಡ್ಡ ವಸತಿಗೃಹದ ಗೋಡೆಗಳಿಗೆ ಗಾರೆಯಿಲ್ಲ. ಕಾಂಕ್ರೀಟು ಸುರಿಯುವಾಗ ಸೆಂಟ್ರಿಂಗಿಗೆ ಕಟ್ಟಿದ ಹಲಗೆಗಳ ನಾರು, ಗಂಟು, ಸಂದುಗಳ ಗುರುತು ಹಾಗೆಯೇ ಅಚ್ಚೊತ್ತಿ ನಿಂತಿದೆ. ಇದನ್ನು ಫ್ರೆಂಚರು ಬೆತೋನ್ ಬ್ರ್ಯೂ ಎಂದರು. ಹಸಿ ಕಾಂಕ್ರೀಟು, ಎಂದರೆ ಸಂಸ್ಕರಿಸದ ಕಾಂಕ್ರೀಟು ಎಂದು ಅರ್ಥ. ಮುಂದೆ ಇಂತಹ ಕಟ್ಟಡಗಳಿಗೆ ಬ್ರೂಟಲಿಸಂ ಎಂಬ ಹೆಸರು ಬಂದಿತು. ಆ ಹೆಸರನ್ನು ಕೇಳಿದವರು ಅದರಲ್ಲಿ ಕ್ರೌರ್ಯವಿದೆಯೆಂದು ಭಾವಿಸುವುದುಂಟು. ನಿಜವಾಗಿ ಅಲ್ಲಿರುವುದು ಒಂದು ಬಗೆಯ ಪ್ರಾಮಾಣಿಕತೆ. ಕಟ್ಟಿದ ಬಡಗಿಯ ಕೈಯನ್ನು ಗೋಡೆ ಮುಚ್ಚಿಡುವುದಿಲ್ಲ.

ಈ ಗುಣವನ್ನು ಇನ್ನೂ ಮುಂದಕ್ಕೆ ಒಯ್ದವರು ಬಾಸೆಲ್ ನಗರದಲ್ಲಿಯೇ ೧೯೪೩ರಲ್ಲಿ ಜನಿಸಿದ ಪೀಟರ್ ಜುಂಥೋರ್. ಜರ್ಮನಿಯ ಒಂದು ಹಳ್ಳಿಯ ಹೊಲದ ನಡುವೆ ೨೦೦೭ರಲ್ಲಿ ಪೂರ್ಣವಾದ ಅವರ ಸಣ್ಣ ಪ್ರಾರ್ಥನಾಮಂದಿರವನ್ನು ಕಟ್ಟಿದ ಬಗೆ ಸ್ವಾರಸ್ಯವಾಗಿದೆ. ಮೊದಲು ೧೧೨ ಮರದ ಕಾಂಡಗಳನ್ನು ಗುಡಿಸಲಿನಂತೆ ಓರೆಯಾಗಿ ನಿಲ್ಲಿಸಿದರು. ಆ ಸೀಮೆಯ ಮರಳು ಮತ್ತು ನದಿಯ ಜಲ್ಲಿಯಿಂದ ಕಲಸಿದ ಕಾಂಕ್ರೀಟನ್ನು ಅದರ ಸುತ್ತ ದಿನಕ್ಕೊಂದು ಪದರದಂತೆ, ಅರ್ಧ ಮೀಟರು ಎತ್ತರದ ೨೪ ಪದರಗಳಾಗಿ ಹಾಕಿ ದಮ್ಮಸು ಮಾಡಿದರು. ಬಳಿಕ ಒಳಗಿನ ಮರಕ್ಕೆ ಮಂದವಾದ ಬೆಂಕಿಯಿಟ್ಟು ವಾರಗಳ ಕಾಲ ಸುಟ್ಟು ತೆಗೆದರು. ಇಂದು ಅದರ ಒಳಗೋಡೆ ಸುಟ್ಟ ಕಾಂಡಗಳ ಕಪ್ಪು ಅಚ್ಚನ್ನು ಹೊತ್ತು ನಿಂತಿದೆ; ಹೊರಗೋಡೆಗೆ ಆ ಹೊಲದ ಮಣ್ಣಿನದೇ ಬಣ್ಣ. ಕಾಂಕ್ರೀಟಿಗೆ ಊರಿಲ್ಲ, ಎಲ್ಲೆಡೆಯೂ ಅದು ಒಂದೇ ಎಂಬ ಮಾತು ಅಲ್ಲಿ ಸುಳ್ಳಾಗುತ್ತದೆ.

ಚಂಡೀಗಢದ ಕೊಡೆ

ಕಾರ್ಬೂಸಿಯೆಯವರ ಬಾಳಿನ ದೊಡ್ಡ ಕೆಲಸ ನಡೆದದ್ದು ನಮ್ಮ ದೇಶದಲ್ಲಿ. ದೇಶವಿಭಜನೆಯಿಂದ ಲಾಹೋರು ಪಾಕಿಸ್ತಾನಕ್ಕೆ ಸೇರಿದ ಮೇಲೆ ಪಂಜಾಬಿಗೆ ಹೊಸ ರಾಜಧಾನಿ ಬೇಕಾಯಿತು. ಅದರ ಹೊಣೆಯನ್ನು ಹೊತ್ತು ಅವರು ೧೯೫೧ರಲ್ಲಿ ಭಾರತಕ್ಕೆ ಬಂದರು. ಚಂಡೀಗಢದಲ್ಲಿ ಅವರು ರಚಿಸಿದ ಉಚ್ಚ ನ್ಯಾಯಾಲಯ, ವಿಧಾನಸಭೆ, ಸಚಿವಾಲಯಗಳ ಸಮುಚ್ಚಯವು ೨೦೧೬ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಇವುಗಳಲ್ಲಿ ೧೯೫೫ರಲ್ಲಿ ಸಿದ್ಧವಾದ ಉಚ್ಚ ನ್ಯಾಯಾಲಯದ ಛಾವಣಿ ನಮಗೆ ಮುಖ್ಯ. ಅಲ್ಲಿ ಇರುವುದು ಒಂದಲ್ಲ, ಎರಡು ಛಾವಣಿ. ಕೋಣೆಗಳನ್ನು ಮುಚ್ಚುವ ಕೆಳಗಿನ ಛಾವಣಿಯಿಂದ ಎಷ್ಟೋ ಎತ್ತರದಲ್ಲಿ, ಕಮಾನುಗಳ ಸಾಲಿನಂತಿರುವ ಮತ್ತೊಂದು ಮಹಾ ಛಾವಣಿ ಕೊಡೆಯಂತೆ ಹೊರಚಾಚಿದೆ. ಪಂಜಾಬಿನ ಉರಿಬಿಸಿಲು ಮೇಲಿನ ಕೊಡೆಗೆ ತಾಗುತ್ತದೆ. ನಡುವಿನ ತೆರಪಿನಲ್ಲಿ ಗಾಳಿ ಬೀಸಿ ಶಾಖವನ್ನು ಒಯ್ಯುತ್ತದೆ. ಕೆಳಗಿನ ಛಾವಣಿ ನೆರಳಿನಲ್ಲಿ ತಂಪಾಗಿರುತ್ತದೆ. ವಾಚಕರಿಗೆ ಈಗ ಶನಿವಾರಸಂತೆಯ ತಗಡಿನ ಕೊಡೆ ನೆನಪಾಗಿರಬೇಕು. ತತ್ತ್ವ ಒಂದೇ. ಭೇದವಿಷ್ಟೆ: ಒಂದು ಕಡೆ ಅದು ಮೊದಲ ಗೆರೆಯಿಂದಲೇ ಕಟ್ಟಡದ ಅಂಗವಾಗಿ ಹುಟ್ಟಿತು, ಇನ್ನೊಂದು ಕಡೆ ತಪ್ಪನ್ನು ತಿದ್ದಲು ಅನಂತರ ಹೊರಗಿನಿಂದ ಬಂದು ಸೇರಿತು.

ಗುರುವಿನಲ್ಲಿಯೂ ಕೊರತೆಯಿಲ್ಲದಿಲ್ಲ. ಆ ನ್ಯಾಯಾಲಯದ ಮುಂಭಾಗದ ಕೋಣೆಯೆದುರು ಬಿಸಿಲು ಮಳೆಗಳಿಗೆ ಜನರು ನಿಲ್ಲುವುದಕ್ಕೆ ಜಗಲಿಯಿಲ್ಲವೆಂಬ ದೂರು ಎದ್ದಿತು. ಜಗಲಿಯನ್ನು ಸೇರಿಸಬಹುದೇ, ಸೇರಿಸಿದರೆ ವಿಶ್ವಪರಂಪರೆಗೆ ಕುಂದಾಗುವುದೇ ಎಂಬ ಚರ್ಚೆ ೨೦೨೫ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕಟ್ಟಡದ ಚೆಲುವನ್ನು ಮೆಚ್ಚುವವರು ಅದನ್ನು ಬಳಸುವವರ ಕಾಲಿನ ನೋವನ್ನೂ ಕೇಳಬೇಕೆಂಬುದಕ್ಕೆ ಇದು ನಿದರ್ಶನ.

ಬಿಸಿಲಿನ ಲೆಕ್ಕ

ಕಾರ್ಬೂಸಿಯೆಯವರು ಕಿಟಕಿಗಳ ಮುಂದೆ ಕಾಂಕ್ರೀಟಿನ ಆಳವಾದ ಚೌಕಗಳನ್ನು ಜೋಡಿಸಿ ಬಿಸಿಲನ್ನು ತಡೆದರು. ನಮ್ಮ ಮನೆಗಳ ಸಜ್ಜಾ ಮಾಡುವ ಕೆಲಸವೇ ಇದು. ಆದರೆ ಒಂದೂರಿನ ಸಜ್ಜಾ ಇನ್ನೊಂದೂರಿಗೆ ಹೊಂದದು. ಏಕೆಂದರೆ ಎರಡೂರಿನ ಸೂರ್ಯ ಒಂದೇ ದಾರಿಯಲ್ಲಿ ನಡೆಯುವುದಿಲ್ಲ.

ಚಂಡೀಗಢ ಸುಮಾರು ೩೦.೭ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರಿನ ನಡುಹಗಲಲ್ಲಿ ಅಲ್ಲಿ ಸೂರ್ಯನ ಎತ್ತರ ಸುಮಾರು ೩೬ ಡಿಗ್ರಿ. ಜೂನಿನಲ್ಲಿ ಸುಮಾರು ೮೩ ಡಿಗ್ರಿ. ತೆಂಕಣ ಗೋಡೆಗೆ ೬೦ ಸೆಂಟಿಮೀಟರು ಅಗಲದ ಸಜ್ಜಾ ಇಟ್ಟರೆ, ಜೂನಿನ ನಡುಹಗಲಲ್ಲಿ ಅದರ ನೆರಳು ೪ ಮೀಟರಿಗೂ ಮೀರಿ ಇಳಿದು ಗೋಡೆಯನ್ನೆಲ್ಲ ಮುಚ್ಚುವುದು. ಡಿಸೆಂಬರಿನಲ್ಲಿ ೪೩ ಸೆಂಟಿಮೀಟರು ಮಾತ್ರ ಇಳಿದು, ಚಳಿಗೆ ಬೇಕಾದ ಬಿಸಿಲನ್ನು ಒಳಕ್ಕೆ ಬಿಡುವುದು. ಒಂದೇ ಹಲಗೆ ಬೇಸಿಗೆಗೂ ಚಳಿಗೂ ತಕ್ಕ ಉತ್ತರ ಕೊಡುತ್ತದೆ.

ಬೆಂಗಳೂರು ೧೩ ಡಿಗ್ರಿಯಲ್ಲಿದೆ; ಶನಿವಾರಸಂತೆಯೂ ಅದರ ಸಮೀಪವೇ. ಇಲ್ಲಿ ಏಪ್ರಿಲ್ ಕೊನೆಯಲ್ಲಿಯೂ ಆಗಸ್ಟ್ ನಡುವಿನಲ್ಲಿಯೂ ಸೂರ್ಯನು ನೆತ್ತಿಯ ಮೇಲೆಯೇ ಬರುವನು. ಆ ಎರಡು ದಿನಗಳ ನಡುವಣ ಕಾಲದಲ್ಲಿ ನಡುಹಗಲ ಸೂರ್ಯ ಬಡಗಣ ದಿಕ್ಕಿನಲ್ಲಿರುವನು. ಚಂಡೀಗಢದಲ್ಲಿ ಇದು ಎಂದೂ ಸಂಭವಿಸದು. ಆದುದರಿಂದ ನಮ್ಮಲ್ಲಿ ತೆಂಕಣ ಗೋಡೆಗೊಂದೇ ನೆರಳು ಸಾಲದು, ಬಡಗಣಕ್ಕೂ ಬೇಕು. ಇನ್ನು ಪಡುವಣದ ಇಳಿಬಿಸಿಲಿಗೆ ಅಡ್ಡಹಲಗೆಯಿಂದ ಪ್ರಯೋಜನವಿಲ್ಲ; ನಿಂತ ಹಲಗೆಗಳೋ ಮರಗಳೋ ಬೇಕು. ಗುರುವಿನ ಕಟ್ಟಡವನ್ನು ಹಾಗೆಯೇ ನಕಲುಮಾಡಿದವನು ಈ ಲೆಕ್ಕದಲ್ಲಿ ಸೋಲುವನು. ಗುರುವಿನ ಪ್ರಶ್ನೆಯನ್ನು ನಕಲುಮಾಡಿದವನು ಗೆಲ್ಲುವನು.

ಬೆಂಗಳೂರಿನ ಕಲ್ಲಿನ ಓಣಿಗಳು

ಹಾಗೆ ಗೆದ್ದವರಲ್ಲಿ ಬಾಲಕೃಷ್ಣ ದೋಶಿ ಒಬ್ಬರು. ೧೯೨೭ರಲ್ಲಿ ಪುಣೆಯಲ್ಲಿ ಜನಿಸಿದ ಅವರು ೧೯೫೧ರಲ್ಲಿ ಪ್ಯಾರಿಸ್ಸಿಗೆ ಹೋಗಿ ಕಾರ್ಬೂಸಿಯೆಯವರ ಬಳಿ ಕೆಲಸ ಕಲಿತರು. ಅನಂತರ ಗುರುವಿನ ಅಹಮದಾಬಾದಿನ ಕಟ್ಟಡಗಳನ್ನು ನೋಡಿಕೊಳ್ಳಲು ತಾಯ್ನಾಡಿಗೆ ಮರಳಿದರು. ೨೦೧೮ರಲ್ಲಿ ವಾಸ್ತುಶಿಲ್ಪದ ಅತ್ಯುನ್ನತ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿಯನ್ನು ಪಡೆದ ಮೊದಲ ಭಾರತೀಯರು ಅವರು. ೨೦೨೩ರ ಜನವರಿಯಲ್ಲಿ ತೀರಿಕೊಂಡರು.

ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿರುವ ಭಾರತೀಯ ಮ್ಯಾನೇಜ್‌ಮೆಂಟ್ ಸಂಸ್ಥೆಯನ್ನು ಅವರು ೧೯೭೭ರಿಂದ ಹಲವು ಹಂತಗಳಲ್ಲಿ ರೂಪಿಸಿದರು. ೨೦೦೯ರ 'ತ್ರೀ ಈಡಿಯಟ್ಸ್' ಚಲನಚಿತ್ರದ ಕಾಲೇಜನ್ನು ನೋಡಿದವರು, ತಿಳಿಯದೆಯೇ ಈ ಕಟ್ಟಡವನ್ನು ನೋಡಿರುವರು. ಇಲ್ಲಿ ದೋಶಿಯವರು ಗುರುವಿನಂತೆ ಎಲ್ಲವನ್ನೂ ಕಾಂಕ್ರೀಟಿನಿಂದ ಎರಕಹೊಯ್ಯಲಿಲ್ಲ. ಬೆಂಗಳೂರಿನ ಕಾಲಡಿಯಲ್ಲಿಯೇ ಬಂಡೆಯಿದೆ. ಲಾಲ್‌ಬಾಗಿನ ಗುಡ್ಡದಲ್ಲಿ ಹೊರಗೆ ಕಾಣುವ ಆ ಶಿಲೆಯ ವಯಸ್ಸು ಸುಮಾರು ೩೦೦ ಕೋಟಿ ವರ್ಷ. ಹತ್ತಿರದಲ್ಲಿ ದೊರೆಯುವ, ಇಲ್ಲಿನ ಕಲ್ಲುಕುಟಿಗರ ಉಳಿಗೆ ಪರಿಚಿತವಾದ ಗ್ರಾನೈಟಿನಿಂದ ಅವರು ಗೋಡೆಗಳನ್ನು ಕಟ್ಟಿಸಿದರು. ಕಲ್ಲಿಗೆ ನುಣುಪಿಲ್ಲ, ಸೀಳಿದ ಮೈ ಹಾಗೆಯೇ ಉಳಿದಿದೆ. ಕಲ್ಲು ಅದುಮುವ ಭಾರವನ್ನು ಹೊರುವುದರಲ್ಲಿ ಗಟ್ಟಿಗ. ಆದುದರಿಂದ ಗೋಡೆ ಕಲ್ಲಿನದು. ಅಡ್ಡಲಾಗಿ ಹಾಯುವ ತೊಲೆ, ಹಲಗೆಗಳಲ್ಲಿ ಎಳೆತವುಂಟು; ಆದುದರಿಂದ ಅವು ಉಕ್ಕನ್ನೊಳಗೊಂಡ ಕಾಂಕ್ರೀಟಿನವು. ಯಾವುದಕ್ಕೆ ಯಾವ ಕೆಲಸ ಬರುವುದೋ ಅದನ್ನೇ ವಹಿಸಿದ ಜಾಣ ಯಜಮಾನನ ಮನೆಯಂತೆ ಇದು.

ಈ ಕಟ್ಟಡದ ಜೀವವಿರುವುದು ಕೋಣೆಗಳಲ್ಲಲ್ಲ, ಓಣಿಗಳಲ್ಲಿ. ಅಕ್ಬರನು ಕಟ್ಟಿಸಿದ ಫತೇಪುರ್ ಸಿಕ್ರಿಯ ಅಂಗಳಗಳಿಂದ ದೋಶಿಯವರು ಸ್ಫೂರ್ತಿ ಪಡೆದರು. ಮೂರು ಅಂತಸ್ತಿನಷ್ಟು ಎತ್ತರದ ಉದ್ದನೆಯ ಪಡಸಾಲೆಗಳು ಅಂಗಳದಿಂದ ಅಂಗಳಕ್ಕೆ ಸಾಗುತ್ತವೆ. ಒಂದು ಕಡೆ ಪಡಸಾಲೆಗೆ ಪೂರ್ಣ ಛಾವಣಿ; ಮುಂದೆ ಬೆಳಕಿಂಡಿ; ಇನ್ನೂ ಮುಂದೆ ಬರಿಯ ಕಾಂಕ್ರೀಟಿನ ತೊಲೆಗಳ ಸಾಲು, ಅವುಗಳ ನಡುವೆ ಆಕಾಶ. ನೆಲದ ಮೇಲೆ ಬೀಳುವ ನೆರಳಿನ ಪಟ್ಟೆಗಳು ಹೊತ್ತು ಏರಿದಂತೆ ಸರಿಯುತ್ತವೆ. ಕೆಲವೆಡೆ ಪಡಸಾಲೆ ಅಗಲವಾಗಿ, ಇಬ್ಬರು ಮೂವರು ಕುಳಿತು ಮಾತಾಡುವ ಎಡೆಯಾಗುತ್ತದೆ. ಪಾಠ ನಡೆಯುವುದು ತರಗತಿಯಲ್ಲಿ ಮಾತ್ರವಲ್ಲ, ತರಗತಿಗೆ ಹೋಗುವ ದಾರಿಯಲ್ಲಿಯೂ ಎಂಬ ಭಾವನೆ ಇದರ ಹಿಂದಿದೆ.

ಇದು ಚೆಲುವಿಗಾಗಿ ಮಾತ್ರ ಮಾಡಿದ ಏರ್ಪಾಡಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರು ಎತ್ತರದಲ್ಲಿದೆ; ಅಲ್ಲಿನ ಹವೆ ವರ್ಷದ ಬಹುಭಾಗ ಹಿತವಾದದ್ದು; ಮನುಷ್ಯನಿಗೆ ಬೇಕಾದುದು ನೆರಳು ಮತ್ತು ಗಾಳಿ ಮಾತ್ರ. ಪಂಜಾಬಿನ ಬೇಸಿಗೆಯಲ್ಲಿ ಇಂತಹ ತೆರೆದ ಪಡಸಾಲೆ ಉರಿಯ ಕೊಳವೆಯಾದೀತು. ಶನಿವಾರಸಂತೆಯ ಆಷಾಢದಲ್ಲಿ ನೀರಿನ ಕಾಲುವೆಯಾದೀತು. ಬೆಂಗಳೂರಿನಲ್ಲಿ ಅದು ಸರಿಯಾಗಿದೆ. ಏಕೆಂದರೆ ಅದು ಬೆಂಗಳೂರನ್ನು ಕೇಳಿ ಹುಟ್ಟಿದ್ದು. ನೆಟ್ಟ ಮರಗಳೂ ಹಬ್ಬಿದ ಬಳ್ಳಿಗಳೂ ಬೆಳೆದಂತೆ ಕಲ್ಲು ಕಾಂಕ್ರೀಟುಗಳ ಒರಟುತನ ಹಸುರಿನೊಳಗೆ ಕರಗಿ, ಕಟ್ಟಡ ವಯಸ್ಸಾದಂತೆ ಚೆಲುವಾಗಿದೆ.

ನೋಡುವ ಕಣ್ಣು

ಅಲಂಕಾರವಿಲ್ಲದ ಕಟ್ಟಡವನ್ನು ಮೆಚ್ಚುವುದು ಹೇಗೆ? ಬೇಲೂರಿನ ಮುಂದೆ ನಿಂತವರಿಗೆ ಈ ತೊಡಕಿಲ್ಲ. ಕಣ್ಣಿಗೆ ಬೇಕಾದುದನ್ನು ಶಿಲ್ಪಿಯೇ ಕೆತ್ತಿಟ್ಟಿರುವನು. ಬೋಳು ಗೋಡೆಯ ಮುಂದೆ ನಾವೇ ಕೆಲವು ಪ್ರಶ್ನೆಗಳನ್ನು ಹಿಡಿದು ಹೋಗಬೇಕು. ಈ ಕಟ್ಟಡದ ಮೇಲೆ ಬಿದ್ದ ಮಳೆಹನಿ ಯಾವ ದಾರಿಯಲ್ಲಿ ನೆಲವನ್ನು ಸೇರುತ್ತದೆ? ಮಧ್ಯಾಹ್ನದ ಬಿಸಿಲು ಎಲ್ಲಿ ತಡೆಯಲ್ಪಡುತ್ತದೆ? ಗಾಳಿ ಎತ್ತಣಿಂದ ಹೊಕ್ಕು ಎತ್ತ ಹೊರಡುತ್ತದೆ? ಕಲ್ಲು ಮರಳುಗಳು ಎಷ್ಟು ದೂರದಿಂದ ಬಂದವು? ಹೊರಗಿನಿಂದ ಬಂದವನಿಗೆ ನಿಲ್ಲಲು ನೆರಳಿದೆಯೇ? ಇವುಗಳಿಗೆ ಕಟ್ಟಡ ಉತ್ತರ ಹೇಳಿದರೆ ಅದರ ಮೌನವೇ ಮಾತಾಗುತ್ತದೆ.

ಈ ಕಣ್ಣು ಇಲ್ಲದಿದ್ದರೆ ಆಗುವ ನಷ್ಟ ಸಣ್ಣದಲ್ಲ. ೧೯೭೨ರಲ್ಲಿ ದಿಲ್ಲಿಯ ಪ್ರಗತಿ ಮೈದಾನದಲ್ಲಿ ರಾಜ್ ರೇವಾಲರು ವಿನ್ಯಾಸಗೊಳಿಸಿ, ಇಂಜಿನಿಯರ್ ಮಹೇಂದ್ರ ರಾಜ್ ಅವರು ಲೆಕ್ಕಹಾಕಿದ ಹಾಲ್ ಆಫ್ ನೇಷನ್ಸ್ ಎಂಬ ಅಪೂರ್ವ ಕಾಂಕ್ರೀಟು ಕಟ್ಟಡವನ್ನು ೨೦೧೭ರ ಏಪ್ರಿಲ್‌ನಲ್ಲಿ ಕೆಡವಿಹಾಕಿದರು. ಇನ್ನೊಂದು ನಷ್ಟ ವಾಯುಮಂಡಲದ್ದು. ಸುಣ್ಣಕಲ್ಲನ್ನು ಕುಲುಮೆಯಲ್ಲಿ ಸುಡುವಾಗ ಕಲ್ಲಿನೊಳಗಿನ ಇಂಗಾಲದ ಡೈಆಕ್ಸೈಡು ಹೊರಬೀಳುತ್ತದೆ. ಉರುವಲಿನಿಂದ ಬರುವುದು ಬೇರೆ. ಮಾನವನು ಗಾಳಿಗೆ ಬಿಡುವ ಈ ಅನಿಲದಲ್ಲಿ ನೂರಕ್ಕೆ ಸುಮಾರು ೭ರಿಂದ ೮ ಪಾಲು ಸಿಮೆಂಟಿನಿಂದ ಬರುತ್ತದೆ. ಹೀಗಿರುವಲ್ಲಿ ಸೋರುವ ಒಂದು ತಾರಸಿಯೆಂದರೆ ಮನೆಯವರ ಹಣದ ನಷ್ಟ ಮಾತ್ರವಲ್ಲ. ಬೆಂದ ಸುಣ್ಣಕಲ್ಲಿನ ವ್ಯರ್ಥವೂ ಹೌದು. ಬೇಕಾದಲ್ಲಿ ಬೇಕಾದಷ್ಟೇ ಕಾಂಕ್ರೀಟನ್ನು ಬಳಸುವ ಮಿತವ್ಯಯ ಇಂದು ಕಲೆಯ ಗುಣವೂ ಆಗಿದೆ, ಕರ್ತವ್ಯವೂ ಆಗಿದೆ.

ಮರಳಿ ಶನಿವಾರಸಂತೆಗೆ

ಕೊಡಗಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ೨೦೧೮ರ ಆಗಸ್ಟಿನಲ್ಲಿ ಜಿಲ್ಲೆಯ ಗುಡ್ಡಗಳು ಜರಿದಾಗ, ಅತಿಯಾದ ಮಳೆಯೊಡನೆ, ಕಟ್ಟಡ ರಸ್ತೆಗಳಿಗಾಗಿ ಇಳಿಜಾರನ್ನು ನೆಟ್ಟಗೆ ಕಡಿದದ್ದೂ ಕಾರಣಗಳಲ್ಲೊಂದೆಂದು ಭೂವಿಜ್ಞಾನಿಗಳು ಎಚ್ಚರಿಸಿದರು. ಬಯಲುಸೀಮೆಯ ನಕ್ಷೆಯನ್ನು ಮಲೆಯ ಮೇಲೆ ಇಡಬೇಕಾದರೆ ಮಲೆಯನ್ನೇ ಬಯಲು ಮಾಡಬೇಕಾಗುತ್ತದೆ. ನಕ್ಷೆ ಮಲೆಯನ್ನು ಅನುಸರಿಸಿದರೆ ಆ ಕಡಿತ ಬೇಕಿಲ್ಲ: ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ಮನೆ, ಓರೆಯಾಗಿಯೇ ಎರಕಹೊಯ್ದ ಛಾವಣಿ, ಗೋಡೆಯನ್ನು ದಾಟಿ ಚಾಚಿದ ಸೂರು, ಸೂರಿನ ಅಂಚಿನ ತಳದಲ್ಲಿ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಬೆರಳಗಲದ ಗಾಡಿ. ಇವಾವುವೂ ಕಾಂಕ್ರೀಟಿಗೆ ಅಸಾಧ್ಯವಲ್ಲ. ಎರಕದ ವಸ್ತುವಾದುದರಿಂದ ಅದು ಯಾವ ಆಕಾರಕ್ಕೂ ಒಪ್ಪುತ್ತದೆ. ಯಾವ ಆಕಾರ ಬೇಕೆಂಬುದನ್ನು ಹೇಳಬೇಕಾದವರು ನಾವು.

ತಾರಸಿಯ ಮೇಲೆ ತಗಡು ಹೊದಿಸಿದ ಶನಿವಾರಸಂತೆಯ ಗೃಹಸ್ಥರನ್ನು ಕಂಡು ನಗುವಂತಿಲ್ಲ. ಚಂಡೀಗಢದ ಮಹಾ ಛಾವಣಿಯ ತತ್ತ್ವವನ್ನು ಅವರು ಮಳೆಯಿಂದಲೇ ಕಲಿತರು. ಕೆಳಗೆ ಕಾಫಿ, ಕರಿಮೆಣಸುಗಳನ್ನು ಒಣಗಿಸಲೂ ಒಂದು ಎಡೆಯನ್ನು ಸಂಪಾದಿಸಿಕೊಂಡರು. ಇನ್ನು ಉಳಿದಿರುವುದು, ಆ ಕೊಡೆಯನ್ನು ಮನೆ ಕಟ್ಟಿ ಮುಗಿದ ಮೇಲೆ ತರುವುದಕ್ಕೆ ಬದಲು ಮೊದಲ ನಕ್ಷೆಯಲ್ಲಿಯೇ ಬರೆಯುವುದು. ಮುಂದೆ ಮನೆ ಕಟ್ಟಿಸುವವರೂ ಇಂಜಿನಿಯರುಗಳೂ ಆಗಲಿರುವ ವಿದ್ಯಾರ್ಥಿಗಳು ಮುಂದಿನ ಮಳೆಗಾಲದಲ್ಲಿ ತಮ್ಮ ಊರಿನ ಒಂದು ಹಳೆಯ ಸೂರಿನ ಕೆಳಗೂ ಒಂದು ಹೊಸ ತಾರಸಿಯ ಕೆಳಗೂ ಕಾಲುಗಂಟೆ ನಿಂತು, ನೀರು ಹೋಗುವ ದಾರಿಯನ್ನು ಗಮನಿಸಲಿ. ಒಳ್ಳೆಯ ವಾಸ್ತುಶಿಲ್ಪದ ಮೊದಲ ಪಾಠ ಅಲ್ಲಿಯೇ ದೊರೆಯುವುದು.